ತುಮರಿಯ ದೂರ

2023ರ ಬೇಸಿಗೆಯ ಕೊನೆಯಲ್ಲಿ ಸಾಗರದಿಂದ ಶರಾವತಿ ಹಿನ್ನೀರಿನಾಚೆಯ ತುಮರಿಗೆ ಹೊರಟಾಗ, 2011ರ ಜನಗಣತಿಯ ಗ್ರಾಮ ಮಾಹಿತಿಯನ್ನು ಹೇಗೆ ಓದಬೇಕೆಂದು ಬರೆದುಕೊಂಡ ಒಂದು ಹಾಳೆ ನನ್ನ ಚೀಲದಲ್ಲಿತ್ತು. ಆ ದಾಖಲೆಯಲ್ಲಿ ಪ್ರತಿ ಹಳ್ಳಿಗೂ ಒಂದೊಂದು ಸಾಲು ಇರುತ್ತದೆ: ಮನೆಗಳೆಷ್ಟು, ಗಂಡಸರು ಮತ್ತು ಹೆಂಗಸರೆಷ್ಟು, ಆರು ವರ್ಷದವರೆಗಿನ ಮಕ್ಕಳೆಷ್ಟು, ಬಸ್ಸು, ಆಟೊ, ರೈಲು, ದೋಣಿಗಳಿವೆಯೇ ಎಂದು. ಸೌಲಭ್ಯ ಊರಿನಲ್ಲಿ ಇಲ್ಲದಿದ್ದರೆ ಅದು ಎಷ್ಟು ದೂರದಲ್ಲಿದೆ ಎಂಬುದನ್ನು ಒಂದೇ ಅಕ್ಷರ ಹೇಳುತ್ತದೆ. ಐದು ಕಿಲೋಮೀಟರಿನೊಳಗಾದರೆ ‘ಎ’, ಐದರಿಂದ ಹತ್ತಾದರೆ ‘ಬಿ’, ಹತ್ತನ್ನು ಮೀರಿದರೆ ‘ಸಿ’. ಇಕ್ಕೇರಿ, ಕೆಳದಿಗಳನ್ನು ನೋಡಿ ಎರಡು ದಿನ ಕಳೆದಿದ್ದೆ. ಮೂರನೆಯ ದಿನ ತುಮರಿಯದಾಯಿತು.

ಅಂಬಾರಗೋಡ್ಲಿನ ದಡದಲ್ಲಿ ನನ್ನ ಬೈಕನ್ನು ಲಾಂಚಿಗೆ ಹತ್ತಿಸಲಿಲ್ಲ. ಶರಾವತಿ ಹಿನ್ನೀರು ಇಳಿದಿದ್ದರಿಂದ ವಾಹನಗಳನ್ನು ನಿಲ್ಲಿಸಿ ಜನರನ್ನು ಮಾತ್ರ ದಾಟಿಸುತ್ತಿದ್ದರು. ಆ ತೀರ್ಮಾನದಲ್ಲಿ ತಪ್ಪಿರಲಿಲ್ಲ, ಆದರೆ ಸಾಗರದಿಂದ ದಡದವರೆಗೆ ಒಂದೇ ಒಂದು ಸೂಚನಾ ಫಲಕವೂ ಕಾಣದಿದ್ದದ್ದು ನನಗೆ ಇಂದಿಗೂ ಬೇಸರದ ಸಂಗತಿ. ನನ್ನ ಹಿಂದೆಯೇ ಬಂದ ಕಾರಿನವರು ವಯಸ್ಸಾದ ತಂದೆಯನ್ನು ಕೂರಿಸಿಕೊಂಡು ಜೋಗ, ಕಾರ್ಗಲ್, ಕೋಗಾರಿನ ಸುತ್ತುದಾರಿ ಹಿಡಿಯಬೇಕಾಯಿತು. ಹಿನ್ನೀರಿನ ಬೇರೆ ಕಡವುಗಳಿಗೆ ಬೇಸಿಗೆಯಲ್ಲಿ ವಾಹನ ಒಯ್ಯುವವರು ನೀರಿನ ಮಟ್ಟವನ್ನು ಸ್ಥಳೀಯರಲ್ಲಿ ವಿಚಾರಿಸಿಯೇ ಹೊರಡುವುದು ಒಳ್ಳೆಯದು.

ಲಾಂಚಿನಲ್ಲಿ ನನ್ನ ಪಕ್ಕದಲ್ಲಿ ಕುಳಿತ ಎಪ್ಪತ್ತು ದಾಟಿದ ಹೆಂಗಸು ಸಾಗರದ ಆಸ್ಪತ್ರೆಯಿಂದ ಔಷಧಿ ಹಿಡಿದು ಮರಳುತ್ತಿದ್ದರು. ಅವರ ಮನೆಯಿಂದ ಆಸ್ಪತ್ರೆಗೆ ಎಷ್ಟು ಕಿಲೋಮೀಟರ್ ಎಂದು ಕೇಳಿದೆ.

“ಕಿಲೋಮೀಟರ್ ಕೇಳಿದ್ರೆ ಏನು ಹೇಳ್ಲಿ ತಮಾ? ಲಾಂಚ್ ಸಿಕ್ಕಿದ್ರೆ ಸಾಗರ ಹತ್ರ. ಸಂಜೆ ಕೊನೇ ಲಾಂಚ್ ಹೋಯ್ತು ಅಂದ್ರೆ ಬೆಳಗಿನ ತನಕ ಸಾಗರ ಇಲ್ಲ.”

“ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಏನು ಮಾಡುತ್ತಿದ್ದಿರಿ ಅಮ್ಮಾ?”

ಅವರು ನೀರಿನ ಕಡೆಗೆ ಕೈ ತೋರಿಸಿ, “ನನ್ನ ದೊಡ್ಡ ಮಗ ಮನೇಲೇ ಹುಟ್ಟಿದ. ಎರಡನೇದಕ್ಕೆ ಏಳನೇ ತಿಂಗಳಿಗೇ ಹೊಳೆ ದಾಟಿ ತವರಿಗೆ ಹೋಗಿ ಕೂತೆ,” ಎಂದರು. ಆ ಮಕ್ಕಳಿಬ್ಬರೂ ಈಗ ಶಿವಮೊಗ್ಗದಲ್ಲಿದ್ದಾರೆಂದೂ, ಮನೆಯಲ್ಲಿ ತಾವೂ ಯಜಮಾನರೂ ಇಬ್ಬರೇ ಎಂದೂ ಹೇಳಿದರು. ಅವರ ಅತ್ತೆ ಮಾವಂದಿರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವುದಕ್ಕೆ ಮುಂಚೆ ಈಗ ನೀರಿರುವಲ್ಲೇ ಗದ್ದೆ ಮಾಡುತ್ತಿದ್ದವರು. ನಾಡಿಗೆ ಬೆಳಕು ಕೊಟ್ಟ ನೀರು ಈ ಹೋಬಳಿಯನ್ನು ಅರ್ಧ ಶತಮಾನಕ್ಕೂ ಮಿಕ್ಕು ಒಂದು ಲಾಂಚಿನ ಆಸರೆಯಲ್ಲಿ ಇಟ್ಟಿತು ಎಂಬುದು ನನ್ನ ಮನಸ್ಸನ್ನು ಬಹಳ ಕಲಕಿತು. ನನ್ನ ಹಾಳೆಯಲ್ಲಿ ದೋಣಿಗೆ ‘ಉಂಟು’, ‘ಇಲ್ಲ’ ಎರಡೇ ಉತ್ತರ. ಅದು ಯಾವ ಹೊತ್ತಿಗೆ ನಿಲ್ಲುತ್ತದೆ ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಇಬ್ಬರು ಉಳಿದ ಮನೆಯೂ ಎಣಿಕೆಯಲ್ಲಿ ಒಂದು ಮನೆಯೇ, ಹತ್ತು ಜನರದ್ದೂ ಒಂದು ಮನೆಯೇ.

ಆಚೆ ದಡದಲ್ಲಿ ಜೀಪು ಹತ್ತಿ ತುಮರಿ ಸೇರಿದೆ. ಸಿಗಂದೂರು ದೇವಸ್ಥಾನದ ಅಂಗಡಿ ಸಾಲಿನ ಗದ್ದಲ ನನಗೆ ಹಿಡಿಸಲಿಲ್ಲ. ಅಡಿಕೆ ತೋಟಗಳ ನಡುವಿನ ಈ ಸಣ್ಣ ಪೇಟೆಯೇ ಹೆಚ್ಚು ಇಷ್ಟವಾಯಿತು.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಆ ವರ್ಷದ ಕೊನೆಯಲ್ಲಿ ನಾನು ಮತ್ತೆ ಹೋದಾಗ ಕತ್ತಲಾಗಿತ್ತು. ಬೈಕನ್ನು ಎಲ್ಲಿಯೂ ನಿಲ್ಲಿಸದೆ ಕೆಲವೇ ನಿಮಿಷಗಳಲ್ಲಿ ನೀರನ್ನು ದಾಟಿದೆ. ಮರುದಿನ ಬೆಳಿಗ್ಗೆ ಆ ಹೆಂಗಸಿನ ಮನೆಯನ್ನು ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಅಡಿಕೆ ಒಣಗಿಸುತ್ತಿದ್ದ ಅವರು ಗುರುತು ಹಿಡಿದು, ಹಿಂದಿನ ವಾರ ಯಜಮಾನರಿಗೆ ನಡುರಾತ್ರಿ ಎದೆನೋವು ಬಂದಿತ್ತೆಂದೂ, ಪಕ್ಕದ ಮನೆಯವರ ಕಾರಿನಲ್ಲಿ ಬೆಳಗಾಗುವ ಮೊದಲೇ ಸಾಗರ ಮುಟ್ಟಿದರೆಂದೂ ಹೇಳಿದರು. ಒಳಗಿನಿಂದ ಅವರ ಯಜಮಾನರೇ ನನಗೆ ಕುಡಿಯಲು ನೀರು, ಬೆಲ್ಲ ತಂದರು.