ಎದುರು ಪಾತ್ರದ ಮಾತು ಓದುವ ಕುರ್ಚಿಯಿಂದ

ಆಡಿಷನ್ ಕೋಣೆಯಲ್ಲಿ ನನ್ನ ಕೆಲಸವೆಂದರೆ ಕ್ಯಾಮೆರಾದ ಪಕ್ಕದಲ್ಲಿ ಕುಳಿತು, ಬಂದ ನಟ ನಟಿಯರಿಗೆ ಎದುರು ಪಾತ್ರದ ಮಾತುಗಳನ್ನು ಓದಿ ಹೇಳುವುದು. ನಾನು ಫ್ರೇಮಿನಲ್ಲಿ ಕಾಣಿಸುವುದಿಲ್ಲ, ಆಯ್ಕೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಕೇಳುವುದೂ ಅಪರೂಪ. ಆದರೆ ಅಭಿನಯಿಸುವವರ ದೃಷ್ಟಿ ನನ್ನ ಮೇಲೆಯೇ ಇರುವುದರಿಂದ, ಅವರು ಹೇಗೆ ಸಿದ್ಧರಾಗಿ ಬಂದಿದ್ದಾರೆ ಎಂಬುದು ಬಹುತೇಕ ಮೊದಲ ಎರಡು ಮಾತುಗಳಲ್ಲೇ ನನಗೆ ತಿಳಿದುಹೋಗುತ್ತದೆ.

ಹೆಚ್ಚಿನವರು ತಮ್ಮ ಮಾತುಗಳನ್ನಷ್ಟೇ ಕಂಠಪಾಠ ಮಾಡಿಕೊಂಡು ಬರುತ್ತಾರೆ. ನಾನು ಮಾತನಾಡುವಾಗ ಅವರ ಕಣ್ಣು ನನ್ನತ್ತಲೇ ಇರುತ್ತದೆ, ಮನಸ್ಸು ಮಾತ್ರ ಮುಂದಿನ ಸಾಲನ್ನು ಹುಡುಕುತ್ತಿರುತ್ತದೆ. ತುಟಿ ತುಸು ಅಲುಗುತ್ತದೆ, ನನ್ನ ಕೊನೆಯ ಪದ ಮುಗಿಯುವುದಕ್ಕೆ ಮೊದಲೇ ಉಸಿರು ಮೇಲೆಳೆದುಕೊಂಡಿರುತ್ತದೆ. ಎದೆಯಿಂದ ಮೇಲಕ್ಕೆ ಮಾತ್ರ ಕಾಣುವ ಫ್ರೇಮಿನಲ್ಲಿ ಇವೆಲ್ಲ ಅಡಗುವುದಿಲ್ಲ.

ಒಮ್ಮೆ ನಾನೇ ಕಣ್ತಪ್ಪಿನಿಂದ ಒಂದು ಸಾಲನ್ನು ಬಿಟ್ಟು ಮುಂದಿನದನ್ನು ಓದಿಬಿಟ್ಟೆ. ಆ ದಿನ ಅದೇ ದೃಶ್ಯಕ್ಕೆ ಬಂದಿದ್ದವರಲ್ಲಿ ಯಾರಿಗೇ ಆಗಿದ್ದರೂ ಅಭಿನಯ ಅಲ್ಲಿಗೇ ನಿಲ್ಲುತ್ತಿತ್ತೇನೋ. ಎದುರಿದ್ದ ನಟಿ ಮಾತ್ರ ಅರೆಗಳಿಗೆ ಸುಮ್ಮನಿದ್ದು, ನಾನು ಏನನ್ನೋ ಬೇಕೆಂದೇ ಮುಚ್ಚಿಡುತ್ತಿದ್ದೇನೆ ಎಂಬಂತೆ ನನ್ನನ್ನು ನೋಡಿ, ತನ್ನ ಉತ್ತರವನ್ನು ತಗ್ಗಿದ ದನಿಯಲ್ಲಿ ಹೇಳಿದರು. ನನ್ನ ತಪ್ಪು ಆ ದೃಶ್ಯದ ಭಾಗವೇ ಆಗಿಹೋಯಿತು. ಅವರಿಗೆ ತಮ್ಮ ಮಾತುಗಳಷ್ಟೇ ನನ್ನ ಮಾತುಗಳೂ ಗೊತ್ತಿದ್ದವು, ಆದ್ದರಿಂದ ಗಾಬರಿಯಾಗಬೇಕಾದ ಅಗತ್ಯವೇ ಬರಲಿಲ್ಲ.

ಹಾಗಾಗಿ ನನ್ನನ್ನು ಕೇಳುವವರಿಗೆ ನಾನು ಹೇಳುವುದಿಷ್ಟು: ಕೈಗೆ ಬಂದ ಎರಡು ಮೂರು ಪುಟಗಳನ್ನು ಮೊದಲು ಅಭಿನಯವಿಲ್ಲದೆ, ಎರಡೂ ಪಾತ್ರಗಳ ಮಾತುಗಳ ಸಮೇತ, ಹಲವು ಸಲ ಓದಬೇಕು. ದೃಶ್ಯ ಶುರುವಾಗುವ ಮುನ್ನ ತಾವು ಅಭಿನಯಿಸುವ ವ್ಯಕ್ತಿ ಎಲ್ಲಿದ್ದ, ಎದುರಿನವರಿಂದ ಅವನಿಗೆ ಏನು ಬೇಕಾಗಿದೆ, ಅದು ಸಿಗದಿದ್ದರೆ ಅವನು ಕಳೆದುಕೊಳ್ಳುವುದೇನು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಮಾತುಗಳನ್ನು ರಾಗವಿಲ್ಲದೆ, ಸಪ್ಪೆಯಾಗಿಯೇ ಬಾಯಿಪಾಠ ಮಾಡುವುದು ಒಳ್ಳೆಯದು. ಕನ್ನಡಿಯ ಮುಂದೆ ಏರಿಳಿತಗಳನ್ನೂ ಸೇರಿಸಿ ಗಟ್ಟಿ ಮಾಡಿಕೊಂಡವರಿಗೆ ಆಮೇಲೆ ಅದೇ ಮಾತನ್ನು ಬೇರೆ ರೀತಿಯಲ್ಲಿ ಹೇಳಲು ನಾಲಿಗೆ ಹೊರಳುವುದಿಲ್ಲ. ಹಾಳೆಯನ್ನು ಕೈಯಲ್ಲಿ ಹಿಡಿದಿರುವುದು ತಪ್ಪೇನಲ್ಲ. ಅದನ್ನು ಎದೆಯ ಮಟ್ಟಕ್ಕೆ ಹಿಡಿದರೆ ನೋಡುವಾಗ ತಲೆ ಬಗ್ಗುವುದಿಲ್ಲ.

ಹೀಗೆ ಬೇರೆ ರೀತಿಯಲ್ಲಿ ಹೇಳಬಲ್ಲಿರಾ ಎಂಬುದೇ ನಿಜವಾದ ಪರೀಕ್ಷೆ ಎಂದು ಈ ಕುರ್ಚಿ ನನಗೆ ಕಲಿಸಿದೆ. ಮೊದಲ ಟೇಕ್ ಮುಗಿದ ಮೇಲೆ ನಿರ್ದೇಶಕರು, "ಇದನ್ನೇ ಸಿಟ್ಟಿಲ್ಲದೆ, ಅವನ ಮೇಲೆ ಕನಿಕರವಿಟ್ಟು ಹೇಳಿ ನೋಡೋಣ" ಎಂದರೆ, ಕೆಲವರು ತಪ್ಪಾಯಿತೆಂದು ಕುಗ್ಗುತ್ತಾರೆ, ಕೆಲವರು ತಾವು ಹಾಗೆ ಮಾಡಿದ್ದು ಏಕೆಂದು ವಿವರಿಸುತ್ತಾರೆ, ಉಳಿದವರು ಹೂಂಗುಟ್ಟಿ ಮೊದಲಿನದನ್ನೇ ಮೆಲುದನಿಯಲ್ಲಿ ಒಪ್ಪಿಸುತ್ತಾರೆ. ಸಾಮಾನ್ಯವಾಗಿ ನಿರ್ದೇಶಕರಲ್ಲಿ ಆಸಕ್ತಿ ಹುಟ್ಟಿಸಿದವರಿಗೇ ಇಂಥ ಸೂಚನೆ ಸಿಗುತ್ತದೆ. ಸೆಟ್ಟಿನಲ್ಲಿ ಇವರೊಂದಿಗೆ ಕೆಲಸ ಮಾಡಲಾಗುತ್ತದೆಯೇ ಎಂದು ನೋಡುವ ಬಗೆ ಅದು. ಅರ್ಥವಾಗದಿದ್ದರೆ ಒಂದು ಪ್ರಶ್ನೆ ಕೇಳಿ ಸ್ಪಷ್ಟಪಡಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಉಳಿದ ನಡವಳಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ವಲ್ಪ ಮುಂಚಿತವಾಗಿ ಬನ್ನಿ. ಹೆಸರು, ಎತ್ತರ, ಬಿಡುವಿನ ದಿನಾಂಕಗಳ ವಿಷಯದಲ್ಲಿ ನಿಜ ಹೇಳಿ. ಪೊಲೀಸ್ ಪಾತ್ರಕ್ಕೆ ಸಮವಸ್ತ್ರ ಬಾಡಿಗೆಗೆ ತರಬೇಡಿ, ಇಸ್ತ್ರಿ ಮಾಡಿದ ಅಂಗಿ ಸಾಕು. ಓದುವವರನ್ನು ಕೇಳದೆ ಮುಟ್ಟಬೇಡಿ (ದೃಶ್ಯದ ಬಿಸಿಯಲ್ಲಿ ನನ್ನ ಕೊರಳಪಟ್ಟಿಗೆ ಕೈಹಾಕಿದವರಿದ್ದಾರೆ). ಗಂಟಲು ಸರಿಯಿಲ್ಲ, ಪುಟ ತಡವಾಗಿ ಬಂತು ಎಂಬ ಪೀಠಿಕೆ ಹಾಕಿದರೆ, ನೋಡುವವರು ಅಭಿನಯವನ್ನು ಬಿಟ್ಟು ಆ ಕೊರತೆಯನ್ನೇ ಹುಡುಕಲಾರಂಭಿಸುತ್ತಾರೆ. ಆಡಿಷನ್ನಿಗೆಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಹೊರಟುಬಿಡಿ.

ಮನೆಯಿಂದಲೇ ವಿಡಿಯೊ ಮಾಡಿ ಕಳುಹಿಸುವಾಗ ಬೇರೆ ಸೂಚನೆ ಇಲ್ಲದಿದ್ದರೆ ಫೋನನ್ನು ಅಡ್ಡಲಾಗಿ, ಕಣ್ಣಿನ ಎತ್ತರಕ್ಕೆ ಇಡಿ. ಬೆಳಕು ಮುಖದ ಮೇಲೆ ಬೀಳಲಿ, ಹಿಂದೆ ಖಾಲಿ ಗೋಡೆ ಇರಲಿ. ಎದುರು ಮಾತು ಓದುವವರು ಲೆನ್ಸಿನ ಪಕ್ಕಕ್ಕೇ ನಿಂತು ನಿಮಗಿಂತ ಮೆಲ್ಲಗೆ ಓದಲಿ. ಫೋನಿನ ಹತ್ತಿರವೇ ನಿಂತು ಜೋರಾಗಿ ಅಭಿನಯಿಸುವ ಗೆಳೆಯನ ದನಿಯಲ್ಲಿ ನಟನ ದನಿಯೇ ಮುಳುಗಿಹೋದ ವಿಡಿಯೊಗಳು ನಮಗೆ ಬರುತ್ತಲೇ ಇರುತ್ತವೆ.

ಇನ್ನೊಂದು ಸಂಗತಿ. ಕೊನೆಯ ಮಾತು ಮುಗಿದೊಡನೆ ಅನೇಕರು ಪಾತ್ರವನ್ನು ಕಳಚಿಟ್ಟು, ಹೇಗಿತ್ತು ಎಂಬಂತೆ ನಿರ್ದೇಶಕರತ್ತ ತಿರುಗುತ್ತಾರೆ. ಕಟ್ ಎನ್ನುವವರೆಗೆ ಕ್ಯಾಮೆರಾ ಓಡುತ್ತಲೇ ಇರುತ್ತದೆ. ಸಂಜೆ ಎಲ್ಲರೂ ಹೋದ ಮೇಲೆ ಇಬ್ಬರ ನಡುವೆ ಆಯ್ಕೆ ಕಷ್ಟವಾದಾಗ, ಮಾತು ಮುಗಿದ ನಂತರದ ಆ ಎರಡು ಮೂರು ಸೆಕೆಂಡುಗಳನ್ನೇ ಹಿಂದಕ್ಕೆ ಸರಿಸಿ, ದನಿಯನ್ನು ಪೂರ್ತಿ ತಗ್ಗಿಸಿ ಮತ್ತೆ ಮತ್ತೆ ನೋಡುವುದನ್ನು ನಾನು ಕಂಡಿದ್ದೇನೆ.