ನಾಸ್‌ನಲ್ಲಿ ಎರಡೆರಡು ಕೋಲಾರ: ಆರ್‌ಸಿಂಕ್ ಲಾಗ್

ಅಂತೂ ಗಂಟು ಬಿಚ್ಚಿತು. ಜಿಲ್ಲಾವಾರು ಸ್ಕ್ಯಾನ್ ಸಂಗ್ರಹವನ್ನು ಆರ್‌ಸಿಂಕ್ (ಎರಡು ಕಡೆಯ ಫೋಲ್ಡರ್‌ಗಳನ್ನು ಹೊಂದಿಸುವ ತಂತ್ರಾಂಶ) ಬಳಸಿ ಮ್ಯಾಕ್‌ನಿಂದ ಲಿನಕ್ಸ್ ನಾಸ್‌ಗೆ (ನೆಟ್‌ವರ್ಕ್‌ನಲ್ಲಿರುವ ಶೇಖರಣಾ ಪೆಟ್ಟಿಗೆ) ಕಳಿಸಿದಾಗಲೆಲ್ಲ ಕೋಲಾರ, ಮೈಸೂರು, ಬೀದರ್ ಫೋಲ್ಡರ್‌ಗಳು ಒಂದೇ ಹೆಸರಿನಲ್ಲಿ ಎರಡೆರಡು ಕಾಣಿಸುತ್ತಿದ್ದವು. ಹಾಸನ, ಮಂಡ್ಯ, ತುಮಕೂರು ಮಾತ್ರ ಒಂದೊಂದೇ. ಮೂಲದಲ್ಲಿಲ್ಲದ್ದನ್ನು ಅಳಿಸುವ ಡಿಲೀಟ್ ಆಯ್ಕೆ ಹಾಕಿದರೆ ಹಳೆಯ ಕೋಲಾರ ಪೂರ್ತಿ ಅಳಿಸಿಹೋಗಿ, ಅದೇ ಫೈಲುಗಳು ಮೊದಲಿಂದ ನಕಲಾಗುತ್ತಿದ್ದವು. ಲಾಗಿನ್ ಕೀ, ಕ್ರಾನ್ (ನಿಗದಿತ ಸಮಯಕ್ಕೆ ಆಜ್ಞೆ ಓಡಿಸುವ ವ್ಯವಸ್ಥೆ) ಇತ್ಯಾದಿ ಎಲ್ಲರಿಗೂ ಗೊತ್ತಿರುವಂಥದ್ದು, ಅದನ್ನು ಬಿಟ್ಟಿದ್ದೇನೆ.

ನಾಸ್ ಮಾರಿದವರ ಸಹಾಯವಾಣಿ ಕೊಟ್ಟ ಪರಿಹಾರ: ಡಿಸ್ಕ್ ಹಾಳಾಗಿರಬೇಕು, ಹೊಸದು ಹಾಕಿಸಿ. ಡಿಸ್ಕ್ ಹಾಳಾಗಿದ್ದರೆ ಹಾಸನವನ್ನೇ ಯಾಕೆ ಬಿಡುತ್ತದೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಸುಳಿವು ಇದ್ದದ್ದೇ ಅಲ್ಲಿ.

ಎರಡೂ ಕೋಲಾರಗಳ ಹೆಸರನ್ನು ಬೈಟ್ ಎಣಿಸಿ ನೋಡಿ. ಒಂದು 15, ಇನ್ನೊಂದು 21. ಯೂನಿಕೋಡ್‌ನಲ್ಲಿ ‘ಕೋ’ವನ್ನು ಎರಡು ರೀತಿ ಬರೆಯಬಹುದು: ಕ ಮತ್ತು ಒಂದೇ ಓತ್ವದ ಚಿಹ್ನೆ, ಇಲ್ಲವೇ ಕ, ಎತ್ವ, ಊತ್ವ, ಕೊನೆಗೆ ದೀರ್ಘದ ಗುರುತು. ಮೊದಲನೆಯದು ಕೂಡಿದ ರೂಪ, ಎನ್‌ಎಫ್‌ಸಿ; ಎರಡನೆಯದು ಒಡೆದ ರೂಪ, ಎನ್‌ಎಫ್‌ಡಿ. ಕಾಗುಣಿತದಲ್ಲಿ ಹೀಗೆ ಒಡೆಯುವುದು ಕೀ, ಕೇ, ಕೈ, ಕೊ, ಕೋ, ಈ ಐದೇ. ಕೌ ಒಡೆಯುವುದಿಲ್ಲ. ಹಾಸನದಲ್ಲಿ ಈ ಐದರಲ್ಲಿ ಯಾವುದೂ ಇಲ್ಲ, ಅದಕ್ಕೇ ಅದು ಬಚಾವು.

ಮ್ಯಾಕ್‌ನ ಹಳೆಯ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ) ಎಚ್‌ಎಫ್‌ಎಸ್ ಪ್ಲಸ್ ಎಲ್ಲ ಹೆಸರನ್ನೂ ಒಡೆದೇ ಇಡುತ್ತದೆ. 2017ರಿಂದ ಬಂದ ಎಪಿಎಫ್‌ಎಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ, ಆದರೆ ಹುಡುಕುವಾಗ ಎರಡನ್ನೂ ಒಂದೇ ಎಂದು ನೋಡುತ್ತದೆ. ನಾಸ್‌ನ ಫೈಲ್ ಸಿಸ್ಟಂ ಇಎಕ್ಸ್‌ಟಿ4ಗೆ ಬೈಟ್ ಬೇರೆಯಾದರೆ ಹೆಸರೇ ಬೇರೆ. ಸ್ಕ್ಯಾನ್ ಮಾಡಿಕೊಟ್ಟವರು ಹೇಳದೆ ಕೇಳದೆ ಎಚ್‌ಎಫ್‌ಎಸ್ ಪ್ಲಸ್ ಡ್ರೈವ್‌ನಲ್ಲಿ ಕೊಟ್ಟಿದ್ದರು. ನಾಸ್‌ನಲ್ಲಿ ಅದಕ್ಕೂ ಮೊದಲು ವಿಂಡೋಸ್‌ನಿಂದ ಹೋದ, ಕೂಡಿದ ಹೆಸರುಗಳ ಪ್ರತಿ ಇತ್ತು. ಡ್ರೈವ್ ಕೊಡುವವರು ಯಾವ ಫಾರ್ಮ್ಯಾಟ್ ಎಂದು ಒಂದು ಚೀಟಿ ಅಂಟಿಸಿದರೆ ಎಷ್ಟು ಉಪಕಾರ!

ಪರಿಹಾರ ಫೈಲ್ ಹೆಸರುಗಳ ರೂಪ ಬದಲಿಸುವ, ಆರ್‌ಸಿಂಕ್‌ನ ಐಕಾನ್ವ್ ಆಯ್ಕೆ. ಅದಕ್ಕೆ ಕೊಡುವ ಮೌಲ್ಯ ಹೀಗೆ: ಯುಟಿಎಫ್-8-ಮ್ಯಾಕ್, ಅಲ್ಪವಿರಾಮ, ಯುಟಿಎಫ್-8. ಮೊದಲಿಗೆ ನಮ್ಮ ಕಡೆಯದು (ಮ್ಯಾಕ್‌ನ ಒಡೆದ ರೂಪ), ಆಮೇಲೆ ಆ ಕಡೆಯದು. ಕಳಿಸುವಾಗಲೂ ತರಿಸುವಾಗಲೂ ಇದೇ ಕ್ರಮ. ಈ ಆಯ್ಕೆ ಸೇರಿದ್ದು ಆರ್‌ಸಿಂಕ್ ಆವೃತ್ತಿ 3.0.0ರಲ್ಲಿ. ಮ್ಯಾಕ್ ಜೊತೆಗೇ ಬರುತ್ತಿದ್ದ 2.6.9ರಲ್ಲಿ ಇಲ್ಲ, ಹೋಂಬ್ರೂ ಎಂಬ ತಂತ್ರಾಂಶ ಅಳವಡಿಸುವ ಸಾಧನದಿಂದ ಹೊಸದನ್ನು ಹಾಕಿಕೊಳ್ಳಬೇಕು. ಆಜ್ಞೆಯನ್ನು ಪೂರ್ಣ ದಾರಿ ಕೊಟ್ಟೇ ಬರೆಯಿರಿ, ಇಲ್ಲದಿದ್ದರೆ ಕ್ರಾನ್ ಹಳೆಯದನ್ನೇ ಓಡಿಸುತ್ತದೆ.

ಇಷ್ಟಾದರೂ ನಾಸ್ ತಿರಸ್ಕರಿಸಿತು. ತಲೆ ಕೆಡಿಸಿದ್ದು ಇದೇ. ಎಸ್‌ಎಸ್‌ಎಚ್ (ಸುರಕ್ಷಿತ ದೂರ-ಲಾಗಿನ್) ಮೂಲಕ ಹೋದರೆ ಸರಿ, ಆರ್‌ಸಿಂಕ್ ಡೀಮನ್ (ನಾಸ್‌ನ ಹಿನ್ನೆಲೆಯಲ್ಲಿ ಓಡುತ್ತಿರುವ ಆರ್‌ಸಿಂಕ್ ಸೇವೆ) ಮೂಲಕ ಹೋದರೆ ನಿರಾಕರಣೆ. ಡೀಮನ್‌ನ ಕಾನ್ಫಿಗ್ ಫೈಲಿನಲ್ಲಿ ಆ ಮಾಡ್ಯೂಲ್‌ಗೆ (ಡೀಮನ್ ಹಂಚುವ ಫೋಲ್ಡರ್‌ಗೆ) ಚಾರ್‌ಸೆಟ್ ಎಂಬ ಸಾಲು ಇಲ್ಲದಿದ್ದರೆ ಅದು ಐಕಾನ್ವ್ ಅನ್ನು ಒಪ್ಪುವುದೇ ಇಲ್ಲ. ಚಾರ್‌ಸೆಟ್ ಯುಟಿಎಫ್-8 ಎಂದು ಒಂದು ಸಾಲು ಸೇರಿಸಿದ ಮೇಲೆ ದಾರಿ ತೆರೆಯಿತು.

ಆದರೆ ಸಿಂಕ್‌ಗೆ ಮೊದಲು ನಾಸ್‌ನಲ್ಲಿರುವ ಒಡೆದ ಹೆಸರುಗಳನ್ನು ಕೂಡಿಸಿಕೊಳ್ಳಿ. ಫೈಲ್ ಹೆಸರುಗಳ ರೂಪ ಬದಲಿಸುವ ಕಾನ್ವ್‌ಎಂವಿ ಸಾಧನಕ್ಕೆ ಎನ್‌ಎಫ್‌ಸಿ ಆಯ್ಕೆ ಕೊಟ್ಟರೆ ಬರೀ ತೋರಿಸುತ್ತದೆ, ನೋಟೆಸ್ಟ್ ಸೇರಿಸಿದರೆ ಮಾತ್ರ ನಿಜವಾಗಿ ಬದಲಿಸುತ್ತದೆ. ಎರಡು ಕೋಲಾರಗಳಿದ್ದಲ್ಲಿ ಮೊದಲು ಕೈಯಾರೆ ಒಂದಾಗಿಸಿ. ಆಮೇಲೆ ಆರ್‌ಸಿಂಕ್‌ನ ಡ್ರೈ ರನ್ (ಏನನ್ನೂ ಬದಲಿಸದ ಪ್ರಯೋಗ). ಹೊಸ ಫೈಲ್ ಎಂದು ಪ್ಲಸ್ ಗುರುತಿನ ಸಾಲುಗಳು ಸಾಲುಗಟ್ಟಿ ಬಂದರೆ ನಿಲ್ಲಿಸಿ. ಅಳಿಸುವ ಫೈಲುಗಳಿಗೆ ಮಿತಿ ಹಾಕುವ ಮ್ಯಾಕ್ಸ್-ಡಿಲೀಟ್ ಅನ್ನು 50ಕ್ಕೆ ಇಡಿ. ಮಿತಿ ಮೀರಿದರೆ ಅಳಿಸುವುದನ್ನು ನಿಲ್ಲಿಸಿ, ಕೋಡ್ 25 ಕೊಟ್ಟು ಹೊರಬರುತ್ತದೆ.

ಮುಂದಿನ ಯೋಜನೆ ಝಡ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂ. ಅದರಲ್ಲಿ ಡೇಟಾಸೆಟ್ (ಒಂದು ವಿಭಾಗ) ಮಾಡುವಾಗಲೇ ನಾರ್ಮಲೈಸೇಶನ್ ಅನ್ನು ಫಾರ್ಮ್-ಸಿ ಎಂದಿಟ್ಟರೆ ಎರಡೂ ರೂಪಗಳನ್ನು ಅದು ಒಂದೇ ಹೆಸರೆಂದು ಹೋಲಿಸುತ್ತದೆ. ನಂತರ ಬದಲಿಸಲು ಬರುವುದಿಲ್ಲ, ಹಾಗಾಗಿ ಪೂಲ್ (ಡಿಸ್ಕುಗಳ ಗುಂಪು) ಕಟ್ಟುವ ದಿನವೇ ನೆನಪಿರಲಿ. ಲ್ಯಾಪ್‌ಟಾಪ್‌ಗಳ ನಡುವೆ ಸಿಂಕ್‌ಥಿಂಗ್ ಎಂಬ ಸಿಂಕ್ ತಂತ್ರಾಂಶ ಬಳಸುವವರಿಗೆ ಆಟೋ ನಾರ್ಮಲೈಸ್ ಮೊದಲೇ ಆನ್ ಇರುತ್ತದೆ, ದಯವಿಟ್ಟು ಅದನ್ನು ಮುಟ್ಟಬೇಡಿ.

ಹೆಸರಿನ ಉದ್ದವನ್ನೂ ನೋಡಿಕೊಳ್ಳಿ. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಇಎಕ್ಸ್‌ಟಿ4ರ 255 ಬೈಟ್ ಮಿತಿಯಲ್ಲಿ 85 ಸಂಕೇತ ಹಿಡಿಸುತ್ತವೆ. ಇಕ್ರಿಪ್ಟ್‌ಎಫ್‌ಎಸ್ ಎಂಬ ಗೂಢಲಿಪೀಕರಣ ವ್ಯವಸ್ಥೆಯಿಂದ ಬೀಗ ಹಾಕಿದ ಫೋಲ್ಡರಿನಲ್ಲಿ ಮಿತಿ 143, ಅಂದರೆ 47 ಮಾತ್ರ. ಒಡೆದ ರೂಪದಲ್ಲಿ ಲೇಖನದ ಪೂರ್ಣ ಶೀರ್ಷಿಕೆ ಇಟ್ಟ ಫೈಲ್ ಅಲ್ಲಿ ತಕ್ಷಣ ಮುಗ್ಗರಿಸುತ್ತದೆ.

ಬಾಕಿ ಉಳಿದದ್ದು ಆರ್‌ಸಿಂಕ್‌ನ ಹೊರಗಿಡುವ ಪಟ್ಟಿ (ಕಳಿಸಬಾರದ ಫೋಲ್ಡರ್‌ಗಳ ಹೆಸರುಗಳು). ಅದರೊಳಗಿನ ಹೆಸರುಗಳನ್ನು ಐಕಾನ್ವ್ ಪರಿವರ್ತಿಸುವುದಿಲ್ಲ. ಹಾಗಾಗಿ ‘ಬೇ’ ಒಡೆಯುವ ‘ಬೇಡ’ ಎಂಬ ಫೋಲ್ಡರನ್ನು ಪಟ್ಟಿಗೆ ಹಾಕಿದರೂ ಅದು ನಾಸ್‌ಗೆ ಹೋಗಿ ಕೂರುತ್ತದೆ. ಅಂಥ ಫೋಲ್ಡರ್‌ಗಳಿಗೆ ‘ಕರಡು’, ‘ತಾತ್ಕಾಲಿಕ’ದಂಥ, ಆ ಐದು ಚಿಹ್ನೆಗಳಿಲ್ಲದ ಹೆಸರಿಡುವುದು ಸದ್ಯದ ಉಪಾಯ.