ಟ್ಯಾಲಿ ಬರುತ್ತೆ, ಫೋನ್ ಎತ್ತೋಕೆ ಬರಲ್ಲ

ಬಿ.ಕಾಂ. ಕೊನೆಯ ವರ್ಷದ ಹುಡುಗರಿಗೆ ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರ್ ಬರುತ್ತದೆ, ಎಕ್ಸೆಲ್ ಬರುತ್ತದೆ. ಮೇಜಿನ ಮೇಲೆ ಫೋನ್ ರಿಂಗಾದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮುಂಬಯಿ ಹತ್ತಿರದ ಭಿವಂಡಿಯ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಬರುವ ಹೊಸಬರನ್ನು ನೋಡಿ ನೋಡಿ ನನಗೆ ಇದು ಗೊತ್ತಿತ್ತು. ಹಾಗಾಗಿ ಕಾಲೇಜಿನಲ್ಲಿ ಕಲಿಸುವ ಗೆಳೆಯರು, ಆಫೀಸ್ ಕೆಲಸದ ಬಗ್ಗೆ ಒಂದು ಭಾಷಣ ಕೊಡಿ ಅಂದಾಗ, ಭಾಷಣ ಬೇಡ, ಒಂದು ದಿನ ಆಫೀಸನ್ನೇ ಹೂಡೋಣ ಅಂದೆ.

2020ರ ಶಿಕ್ಷಣ ನೀತಿ ಬಂದ ಮೇಲೆ ಕಾಲೇಜುಗಳಲ್ಲಿ ಕೆಲಸದ ತರಬೇತಿಯ ಮಾತು ಜಾಸ್ತಿಯಾಗಿದೆ. ಆದರೆ ಮುಂಬಯಿಯ ನಮ್ಮ ಕನ್ನಡಿಗರಲ್ಲಿ ಹೋಟೆಲ್ ಇರುವ ಒಬ್ಬ ಮಾವ ಇದ್ದೇ ಇರುತ್ತಾರೆ. ಕೆಲಸ ಕಲಿಯದೇ ಇದ್ದರೂ ಅವರಿಂದ ತರಬೇತಿಯ ಸರ್ಟಿಫಿಕೇಟ್ ಸುಲಭವಾಗಿ ಸಿಗುತ್ತದೆ.

ಡೊಂಬಿವಲಿಯ ಕನ್ನಡ ಸಂಘದ ಹಾಲ್‌ನಲ್ಲಿ ಭಾನುವಾರ ಮೇಜು ಹಾಕಿದೆವು. ಅರ್ಧ ಜನ ತಡವಾಗಿ ಬಂದರು. ‘ಮೆಗಾ ಬ್ಲಾಕ್ ಸರ್’ ಅಂದರು, ಅಂದರೆ ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವುದು. ಮೆಗಾ ಬ್ಲಾಕ್ ಇದೆ ಅಂತ ನಿನ್ನೆಯೇ ಗೊತ್ತಿತ್ತಲ್ಲ ಅಂದು ಲೇಟ್ ಮಾರ್ಕ್ ಹಾಕಿದೆ.

ಕೆಲಸ ಇಷ್ಟೇ. ಭಿವಂಡಿ ಗೋದಾಮಿನಿಂದ ಹುಬ್ಬಳ್ಳಿಯ ಅಂಗಡಿಗೆ ಎರಡು ಲಕ್ಷ ರೂಪಾಯಿಯ ಮಿಕ್ಸರ್‌ಗಳು ಹೋಗಬೇಕು. ಬಿಲ್ ಮಾಡಿ, ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ, ಅಂದರೆ ಇ-ವೇ ಬಿಲ್ ತೆಗೆದು, ಗಿರಾಕಿಗೆ ತಿಳಿಸಬೇಕು. ಒಂದು ಮೇಜಿನವರು ರಾಜ್ಯದೊಳಗಿನ ಮಾರಾಟಕ್ಕೆ ಹಾಕುವ ತೆರಿಗೆ, ಸಿಜಿಎಸ್‌ಟಿ ಶೇ. 9, ಎಸ್‌ಜಿಎಸ್‌ಟಿ ಶೇ. 9 ಅಂತ ಹಾಕಿದರು. ನಮ್ಮ ಜಿಎಸ್‌ಟಿ ನಂಬರ್ 27ರಿಂದ ಶುರು, ಅವರದು 29ರಿಂದ. ಅಂದರೆ ರಾಜ್ಯ ಬೇರೆ, ಅಂತರರಾಜ್ಯ ತೆರಿಗೆ ಐಜಿಎಸ್‌ಟಿ ಶೇ. 18 ಹಾಕಬೇಕು. ‘ಟೋಟಲ್ ಒಂದೇ ಅಲ್ವಾ ಸರ್?’ ಅಂದ ಒಬ್ಬ. ಟೋಟಲ್ ಒಂದೇ. ಆದರೆ ಹುಬ್ಬಳ್ಳಿಯವನಿಗೆ ಆ ತೆರಿಗೆಯ ಕ್ರೆಡಿಟ್ ಸಿಗಲ್ಲ, ಅಂದರೆ ತಾನು ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆಯೋಕೆ ಆಗಲ್ಲ, ಅವನು ದುಡ್ಡು ತಡೆಹಿಡಿಯುತ್ತಾನೆ. ಪರೀಕ್ಷೆಯಲ್ಲಿ ಇದನ್ನು ಸರಿಯಾಗಿ ಬರೆದ ಹುಡುಗನೇ ಅವನು!

ಇದೆಲ್ಲ ಕಲಿಯುತ್ತಾರೆ, ಬಿಡಿ. ನಾನು ಕಾಯುತ್ತಿದ್ದುದು ಮಧ್ಯಾಹ್ನಕ್ಕೆ. ಊಟ ಆದ ಮೇಲೆ ಒಂದು ಚೀಟಿ ಕೊಟ್ಟೆ: ಕೊಲ್ಹಾಪುರದಲ್ಲಿ ಲಾರಿ ಕೆಟ್ಟಿದೆ, ಮಾಲು ಬೇರೆ ಲಾರಿಗೆ ಹಾಕಿದ್ದಾರೆ, ಇ-ವೇ ಬಿಲ್‌ನಲ್ಲಿ ಹಳೇ ಲಾರಿಯ ನಂಬರ್ ಉಳಿದಿದೆ, ನಿಪ್ಪಾಣಿ ಹತ್ತಿರ ಅಧಿಕಾರಿಗಳು ನಿಲ್ಲಿಸಿದ್ದಾರೆ. ಹುಡುಗರ ತಪ್ಪೇನೂ ಇಲ್ಲ. ನಿಜವಾದ ಆಫೀಸಿನಲ್ಲೂ ತಪ್ಪು ಯಾರದ್ದೋ, ಫೋನ್ ಬರುವುದು ನಿಮಗೆ.

ಒಳಕೋಣೆಯಿಂದ ನಾನೇ ಗಿರಾಕಿಯಾಗಿ ಫೋನ್ ಮಾಡಿದೆ. ‘ಏನ್ರೀ, ಗಾಡಿ ಎಲ್ಲೈತ್ರಿ? ಅಂಗಡ್ಯಾಗ ಜನ ಕುಂತಾರ!’ ಮೊದಲ ಮೇಜಿನವರು ಎತ್ತಲೇ ಇಲ್ಲ, ವಾಟ್ಸಾಪ್ ಮಾಡಿದರು. ಎರಡನೆಯವನು ‘ಹತ್ರ ಬಂದಿದೆ ಸರ್, ಅರ್ಧ ಗಂಟೆ’ ಅಂತ ಸುಳ್ಳು ಹೇಳಿದ. ಅರ್ಧ ಗಂಟೆಗೆ ಸರಿಯಾಗಿ ಮತ್ತೆ ಫೋನ್ ಮಾಡಿದೆ. ಪಾಪ, ಬೆವತುಬಿಟ್ಟ.

ಹಿಂದೆ ಇಲ್ಲಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರಿಗೆ ಈ ನಾಟಕ ಬೇಕಿರಲಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಪುಸ್ತಕ ಹಿಡಿದವರು. ಬೈಗುಳ ತಿಂದೇ ಬೆಳೆದವರು. ಆ ಕಷ್ಟ ಇವರಿಗೂ ಬರಲಿ ಅಂತಲ್ಲ. ಆದರೆ ಸಿಟ್ಟಾದವರ ಜೊತೆ ಮಾತಾಡುವ ಅಭ್ಯಾಸ ಎಲ್ಲಾದರೂ ಆಗಬೇಕಲ್ವಾ?

ಮೂರನೇ ಮೇಜಿನಲ್ಲಿ ಬೆಳಿಗ್ಗೆಯಿಂದ ಬಾಯಿ ಬಿಡದ ಹುಡುಗಿಯೊಬ್ಬಳು ಫೋನ್ ಎತ್ತಿದಳು. ‘ಲಾರಿ ಇವತ್ತು ಬರಲ್ಲ ಸರ್. ನಿಪ್ಪಾಣಿಯಲ್ಲಿ ನಿಂತಿದೆ. ಯಾವಾಗ ಬಿಡ್ತಾರೆ ಅಂತ ನನಗೆ ಗೊತ್ತಿಲ್ಲ. ಕೇಳಿ, ಐದು ಗಂಟೆಯೊಳಗೆ ನಾನೇ ಫೋನ್ ಮಾಡ್ತೀನಿ.’ ನಾನು ಇನ್ನೂ ಎರಡು ಬೈದೆ. ಅವಳು ಸುಮ್ನೆ ಕೇಳಿಸಿಕೊಂಡಳು. ಐದಕ್ಕೆ ಮೊದಲೇ ಫೋನ್ ಬಂತು. ಹೊಸ ಲಾರಿ ನಂಬರ್ ಹಾಕಿ ಇ-ವೇ ಬಿಲ್‌ನ ಗಾಡಿ ವಿವರದ ಭಾಗ, ಪಾರ್ಟ್ ಬಿ, ಸರಿಮಾಡಿದ್ದಳು, ದಂಡ ಕಟ್ಟಬೇಕಾದರೆ ಯಾರು ಕಟ್ಟುವುದು ಅಂತ ಬಾಸ್ ಆಗಿದ್ದ ನನ್ನ ಗೆಳೆಯರನ್ನೂ ಕೇಳಿಯಾಗಿತ್ತು. ಅವರ ಹತ್ತಿರ ಉತ್ತರ ಇರಲಿಲ್ಲ.

ಸಂಜೆ ವಡಾಪಾವ್ ತಿನ್ನುತ್ತಾ ಗೆಳೆಯರು, ಮುಂದಿನ ಸಲ ಎಕ್ಸೆಲ್ ಸ್ವಲ್ಪ ಜಾಸ್ತಿ ಇಡೋಣ ಅಂದರು. ಅದನ್ನು ನೀವೇ ಕ್ಲಾಸಿನಲ್ಲಿ ಮಾಡಿ, ನನಗೆ ಇನ್ನೆರಡು ಫೋನ್ ಕೊಡಿಸಿ ಅಂದೆ.